ಗಾಜು ನಮ್ಮದು, ಚೌಕಟ್ಟು ಕೌನ್ಸಿಲ್‌ನದು

ಅಮ್ಮ ಹಾಸನದಿಂದ ಬಂದು ನಾಲ್ಕನೇ ದಿನ. ಬೆಳಿಗ್ಗೆ ಆರೂವರೆಗೆ ಎದ್ದು ನೋಡಿದರೆ ಮಗಳ ಕೋಣೆಯಲ್ಲಿ ಕಿಟಕಿ ಮುಂದೆ ನಿಂತಿದ್ದರು. ಕೈಯಲ್ಲಿ ಹಳೇ ಪಂಚೆಯ ತುಂಡು. ಗಾಜು ಒರೆಸೋದು, ಬಕೆಟ್ಟಿಗೆ ಹಿಂಡೋದು, ಮತ್ತೆ ಒರೆಸೋದು. "ನೋಡೇ, ನಿಮ್ಮಲ್ಲಿ ಮನೆ ಒಳಗೇ ಮಳೆ ಬರುತ್ತಲ್ಲ" ಎಂದರು. ಬಕೆಟ್ಟಿನ ತಳದಲ್ಲಿ ಒಂದು ಲೋಟದಷ್ಟು ನೀರು ನಿಂತಿತ್ತು. ಅದು 2023ರ ನವೆಂಬರ್.

ನಾವಿರೋದು ದಕ್ಷಿಣ ಲಂಡನ್ನಿನಲ್ಲಿ, 1950ರ ದಶಕದಲ್ಲಿ ಕೌನ್ಸಿಲ್ ಕಟ್ಟಿಸಿದ ನಾಲ್ಕು ಮಹಡಿಯ ಇಟ್ಟಿಗೆ ಕಟ್ಟಡದಲ್ಲಿ. ಕೌನ್ಸಿಲ್ ಅಂದರೆ ಇಲ್ಲಿನ ಪಾಲಿಕೆ. ಲಿಫ್ಟ್ ಇಲ್ಲ, ನಮ್ಮದು ಎರಡನೇ ಮಹಡಿ. ಕಿಟಕಿಗಳೆಲ್ಲ ಕಟ್ಟಡದಷ್ಟೇ ಹಳೆಯವು. ಬೆರಳಗಲದ ಉಕ್ಕಿನ ಚೌಕಟ್ಟು, ಒಂದೇ ಪದರದ ಗಾಜು. ಕ್ರಿಟ್ಟಲ್ ಕಿಟಕಿ ಅನ್ನುತ್ತಾರೆ. ನೋಡೋಕೆ ಚಂದ. ಆದರೆ ಉಕ್ಕು ಹೊರಗಿನ ಚಳಿಯನ್ನು ಹಾಗೇ ಒಳಗೆ ತರುತ್ತದೆ. ನಮ್ಮ ಉಸಿರು, ಕುಕ್ಕರಿನ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ, ಎಲ್ಲ ಹೋಗಿ ಆ ತಣ್ಣನೆಯ ಉಕ್ಕಿನ ಮೇಲೆ, ಗಾಜಿನ ಮೇಲೆ ಹನಿಗಟ್ಟುತ್ತಿತ್ತು.

ಮಗಳ ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು. ಬ್ಲೀಚ್ ಹಾಕಿ ಉಜ್ಜಿದರೆ ಮೂರು ವಾರ ಇರುತ್ತಿರಲಿಲ್ಲ, ಮತ್ತೆ ಬರುತ್ತಿತ್ತು. ಅವಳಿಗೆ ಆಗ ನಾಲ್ಕು ವರ್ಷ. ಅಕ್ಟೋಬರಿಗೆ ಶುರುವಾದ ಕೆಮ್ಮು ಮಾರ್ಚ್ ತನಕ ಬಿಡುತ್ತಿರಲಿಲ್ಲ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಮನೆಯಲ್ಲಿ ಬೂಷ್ಟು ಇದೆಯಾ?" ಎಂದು. ಹೌದು ಅಂತ ಹೇಳುವಾಗ ತುಂಬಾ ಸಂಕಟವಾಯಿತು.

ಆ ಸಂಜೆ ದೇವರ ಮುಂದೆ ಹಚ್ಚಿದ ಊದುಬತ್ತಿಯನ್ನು ಅಮ್ಮ ತೆಗೆದುಕೊಂಡು ಹೋಗಿ ಕಿಟಕಿಯ ಅಂಚಿಗೆ ಹಿಡಿದರು. ಕಿಟಕಿ ಭದ್ರವಾಗಿ ಮುಚ್ಚಿತ್ತು. ಆದರೂ ಹೊಗೆ ಮೇಲಕ್ಕೆ ಹೋಗದೆ ಕೋಣೆಯ ಒಳಗೆ ಅಡ್ಡಡ್ಡ ಹರಿಯಿತು. ಕೆಳಗಿನ ಮೂಲೆಯಲ್ಲಂತೂ ಬತ್ತಿಯ ತುದಿ ಕೆಂಪಗೆ ಉರಿಯತೊಡಗಿತು, ಅಷ್ಟು ಗಾಳಿ. ಈ ಕಿಟಕಿ ಬದಲಾಯಿಸಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆವು.

ಮನೆ ನಮ್ಮದು, ಕಿಟಕಿ ಬದಲಾಯಿಸೋಕೆ ಯಾರನ್ನು ಕೇಳಬೇಕು ಅಂತ ಊರಲ್ಲಿ ಅನಿಸುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ನಮ್ಮದು ಲೀಸ್‌ಹೋಲ್ಡ್. ಇದನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸೋಕೆ ಎಷ್ಟೋ ದಿನ ಬೇಕಾಯಿತು. "ಲೀಸಿಗೆ ಹಾಕಿಕೊಂಡಿದ್ದೀರಾ? ಹಾಗಾದ್ರೆ ಬಿಡುವಾಗ ದುಡ್ಡು ವಾಪಸ್ ಕೊಡ್ತಾರಲ್ಲ" ಎಂದರು. ಬೆಂಗಳೂರಿನ ಲೀಸು ಹಾಗೆ: ಒಂದಷ್ಟು ಲಕ್ಷ ಕೊಟ್ಟು ಎರಡು ಮೂರು ವರ್ಷ ಇದ್ದು, ದುಡ್ಡು ವಾಪಸ್ ತಗೊಂಡು ಹೊರಡೋದು. ಇಲ್ಲಿನದು ಬೇರೆ. ಮನೆಯನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತೀರಿ, ಮಾರಲೂಬಹುದು. ಆದರೆ ನೆಲ, ಗೋಡೆ, ಛಾವಣಿ, ಮೆಟ್ಟಿಲು ಎಲ್ಲ ಜಮೀನಿನ ಒಡೆಯರದೇ. ನಮ್ಮ ವಿಷಯದಲ್ಲಿ ಆ ಒಡೆಯರು ಕೌನ್ಸಿಲ್. 1980ರ ವಸತಿ ಕಾಯ್ದೆಯಲ್ಲಿ ಕೌನ್ಸಿಲ್ ಮನೆಯ ಬಾಡಿಗೆದಾರರಿಗೆ ತಾವಿರುವ ಮನೆಯನ್ನು ಕೊಳ್ಳುವ ಹಕ್ಕು ಸಿಕ್ಕಿತು. ಹಾಗೆ ಒಬ್ಬರು 1988ರಲ್ಲಿ 125 ವರ್ಷದ ಲೀಸಿಗೆ ಕೊಂಡ ಫ್ಲ್ಯಾಟು ಕೈ ಬದಲಾಗುತ್ತಾ 2019ರಲ್ಲಿ ನಮಗೆ ಬಂತು. ಅದೇ ಮೆಟ್ಟಿಲಿನ ಎಂಟು ಮನೆಗಳಲ್ಲಿ ಮೂರು ನಮ್ಮಂಥವರದು, ಉಳಿದ ಐದರಲ್ಲಿ ಈಗಲೂ ಕೌನ್ಸಿಲ್ ಬಾಡಿಗೆದಾರರೇ ಇದ್ದಾರೆ.

ಕಿಟಕಿ ಕಂಪನಿಗೆ ಫೋನ್ ಮಾಡುವ ಮೊದಲು ಲೀಸ್ ಪತ್ರ ತೆಗೆದು ಓದಿ. ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ನಾವು ತಿರುಗುಮುರುಗು ಮಾಡಿದೆವು. ಮೊದಲು ಕಂಪನಿಯವರನ್ನು ಕರೆಸಿ, ರೇಟು ಕೇಳಿ, 300 ಪೌಂಡ್ ಅಡ್ವಾನ್ಸ್ ಕೊಟ್ಟುಬಿಟ್ಟೆವು. ಆಮೇಲೆ ನನ್ನ ಗಂಡ, ವಕೀಲರು ಕೊಟ್ಟಿದ್ದ ಫೈಲು ಹುಡುಕಿ ತೆಗೆದರು. ಟೈಪ್‌ರೈಟರಿನಲ್ಲಿ ಹೊಡೆದು ಜೆರಾಕ್ಸ್ ಮಾಡಿದ ಮೂವತ್ತು ಪುಟ. ಕೊನೆಯ ಅನುಬಂಧದಲ್ಲಿ ಫ್ಲ್ಯಾಟಿಗೆ ಏನೇನು ಸೇರುತ್ತದೆ ಅಂತ ಪಟ್ಟಿ ಇತ್ತು. ಒಳಗಿನ ಪ್ಲಾಸ್ಟರ್, ನೆಲದ ಹಲಗೆ, ಬಾಗಿಲು, ಕಿಟಕಿಯ ಗಾಜು. ಅದರ ಮುಂದೆಯೇ ಇನ್ನೊಂದು ಸಾಲು: ಕಿಟಕಿಯ ಚೌಕಟ್ಟು ಸೇರುವುದಿಲ್ಲ.

ಅಂದರೆ ಗಾಜು ನಮ್ಮದು, ಅದನ್ನು ಹಿಡಿದಿರುವ ಚೌಕಟ್ಟು ಕೌನ್ಸಿಲ್‌ನದು. ಗಾಜು ಒಡೆದರೆ ನಾವು ಹಾಕಿಸಬೇಕು. ಚೌಕಟ್ಟು ತುಕ್ಕು ಹಿಡಿದರೆ ಅವರು ರಿಪೇರಿ ಮಾಡಿಸಿ, ಖರ್ಚಿನಲ್ಲಿ ನಮ್ಮ ಪಾಲನ್ನು ಸರ್ವಿಸ್ ಚಾರ್ಜಿನಲ್ಲಿ, ಅಂದರೆ ಕಟ್ಟಡದ ನಿರ್ವಹಣೆಗೆ ನಾವು ಕೊಡುವ ಹಣದಲ್ಲಿ, ವಸೂಲು ಮಾಡುತ್ತಾರೆ. ಎಲ್ಲ ಲೀಸೂ ಒಂದೇ ಥರ ಇರೋದಿಲ್ಲ. ಕೆಲವದರಲ್ಲಿ ಕಿಟಕಿ ಪೂರ್ತಿ ನಿವಾಸಿಯದು, ಕೆಲವದರಲ್ಲಿ ಪೂರ್ತಿ ಒಡೆಯರದು. ಅದಕ್ಕೇ ಪಕ್ಕದ ಮನೆಯವರು ಹಾಕಿಸಿದ್ದಾರೆ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಅನುಮತಿ ಇಲ್ಲದೆ ಬದಲಾಯಿಸಿದರೆ ಲೀಸಿನ ಷರತ್ತು ಮುರಿದಂತೆ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಅನುಮತಿ ಪತ್ರ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ.

ಚೌಕಟ್ಟು ಅವರದಾದರೆ ರಿಪೇರಿ ಅವರೇ ಮಾಡಲಿ ಅಂತ ಮೊದಲು ದೂರು ಕೊಟ್ಟೆವು. ಒಬ್ಬರು ಬಂದು ಕೀಲಿಗೆ ಎಣ್ಣೆ ಬಿಟ್ಟು, ಸಂದಿಗೆ ಸಿಲಿಕಾನ್ ತುಂಬಿ ಹೋದರು. "ಇನ್ನೂ ರಿಪೇರಿ ಆಗುವ ಸ್ಥಿತಿಯಲ್ಲಿದೆ, ಬದಲಾಯಿಸುವ ಅಗತ್ಯ ಇಲ್ಲ" ಎಂದು ಪತ್ರ ಬಂತು. ಹಾಗಾಗಿ 2024ರ ಜನವರಿಯಲ್ಲಿ ನಮ್ಮ ಖರ್ಚಿನಲ್ಲೇ ಬದಲಾಯಿಸಲು ಅನುಮತಿ ಕೋರಿ ಅರ್ಜಿ ಹಾಕಿದೆವು. ಅರ್ಜಿ ಶುಲ್ಕ, ಸರ್ವೇಯರ್ (ಕಟ್ಟಡ ಪರಿಶೀಲಿಸುವವರು) ಶುಲ್ಕ ಸೇರಿ 260 ಪೌಂಡ್.

ಅವರು ಕೇಳಿದ ಕಾಗದಗಳೆಲ್ಲ ನ್ಯಾಯವಾದವೇ. ಪ್ರತಿ ಕಿಟಕಿಯ ಅಳತೆಯ ನಕ್ಷೆ. ಯಾವ ರೆಕ್ಕೆ ಯಾವ ಕಡೆ ತೆರೆಯುತ್ತದೆ ಅನ್ನುವ ಗುರುತು. ಕೂರಿಸುವ ಕಂಪನಿಯ ವಿಮೆ. ಫೆನ್ಸಾ ಎಂಬ ಕಿಟಕಿ ಕಂಪನಿಗಳ ನೋಂದಣಿ ಸಂಸ್ಥೆಯಲ್ಲಿ ಅವರ ನೋಂದಣಿ. 2002ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಬದಲಿ ಕಿಟಕಿಗೂ ಕಟ್ಟಡ ನಿಯಮ ಅನ್ವಯಿಸುತ್ತದೆ. ಫೆನ್ಸಾದಂಥ ಸಂಸ್ಥೆಯಲ್ಲಿ ನೋಂದಾಯಿಸಿದವರು ಹಾಕಿದರೆ ಅವರೇ ಪ್ರಮಾಣಪತ್ರ ಕೊಡಿಸುತ್ತಾರೆ. ಇಲ್ಲದಿದ್ದರೆ ಕಟ್ಟಡ ತಪಾಸಣೆಯವರನ್ನು ಬೇರೆ ಕರೆಸಬೇಕು. ಇನ್ನು ಯು ಮೌಲ್ಯ. ಕಿಟಕಿಯಿಂದ ಎಷ್ಟು ಶಾಖ ಸೋರುತ್ತದೆ ಅನ್ನುವ ಲೆಕ್ಕ ಅದು, ಕಡಿಮೆ ಇದ್ದಷ್ಟೂ ಒಳ್ಳೇದು. ಈಗಿನ ನಿಯಮದಲ್ಲಿ ಬದಲಿ ಕಿಟಕಿಗೆ 1.4 ಮೀರಬಾರದು. ನಮ್ಮ ಹಳೇ ಕಿಟಕಿಯದು 5ರ ಆಸುಪಾಸು ಎಂದರು ಅಳತೆಗೆ ಬಂದವರು.

ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಏನು ತುಂಬುತ್ತೀರಿ ಅಂತಲೂ ಕೇಳಿದ್ದರು. ಇಷ್ಟು ಸಣ್ಣ ವಿಷಯ ಯಾಕೆ ಅಂತ ಮೊದಲು ಅನಿಸಿತು. ಸರ್ವೇಯರ್ ಲಂಡನ್ನಿನ ಗ್ರೆನ್‌ಫೆಲ್ ಟವರಿನ ಹೆಸರೆತ್ತಿದಾಗ ಸುಮ್ಮನಾದೆ. 2017ರ ಜೂನ್ 14ರ ನಸುಕಿನಲ್ಲಿ ಆ ಟವರಿನ ಒಂದು ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಕಿಟಕಿಯ ಸುತ್ತಲಿನ ಭಾಗದಿಂದಲೇ ಹೊರಗಿನ ಹೊದಿಕೆಗೆ ದಾಟಿತು. 72 ಜನ ತೀರಿಕೊಂಡರು. ಆಮೇಲೆ ಆ ಪ್ರಶ್ನೆಗೆ ಕಂಪನಿಯಿಂದ ಸರಿಯಾದ ಉತ್ತರ ಬರೆಸಿಕೊಳ್ಳುವ ತನಕ ನಾನೂ ಬಿಡಲಿಲ್ಲ.

ಒಂದು ವಿಷಯಕ್ಕೆ ಸ್ವಲ್ಪ ಜಗ್ಗಾಡಬೇಕಾಯಿತು. ಒಳಕ್ಕೆ ತೆರೆಯುವ ಕಿಟಕಿ ನಮಗೆ ಬೇಕಿತ್ತು, ಎರಡನೇ ಮಹಡಿಯಲ್ಲಿ ಹೊರಗಿನ ಗಾಜು ಒರೆಸೋದು ಹೇಗೆ? ಕೌನ್ಸಿಲ್ ಒಪ್ಪಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಮನೆಯೂ ಒಂದೇ ಥರ ಕಾಣಬೇಕು, ಬಿಳಿ ಚೌಕಟ್ಟು, ಹೊರಕ್ಕೇ ತೆರೆಯಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳೂ ಗ್ರಿಲ್ಲು, ಬಣ್ಣದ ವಿಷಯದಲ್ಲಿ ಹೀಗೇ ಅಲ್ವಾ. ಕೊನೆಗೆ ರೆಕ್ಕೆ ಪಕ್ಕಕ್ಕೆ ಜಾರಿ, ಆ ಸಂದಿಯಿಂದ ಕೈ ಹಾಕಿ ಹೊರಗೆ ಒರೆಸಬಹುದಾದ ಕೀಲು ಸಿಗುತ್ತದೆ ಅಂತ ಗೊತ್ತಾಯಿತು. ಮಗುವಿನ ಸುರಕ್ಷತೆಗೆ ಹತ್ತು ಸೆಂಟಿಮೀಟರಿಗಿಂತ ಜಾಸ್ತಿ ತೆರೆಯದಂತೆ ತಡೆಯುವ ಕೊಂಡಿಯೂ ಸೇರಿತು. ಅದಕ್ಕೆ ಒಪ್ಪಿದರು.

ಮೇ ತಿಂಗಳಲ್ಲಿ ಕರಡು ಅನುಮತಿ ಪತ್ರ ಬಂತು. ಅದರ ಮೂರನೇ ಷರತ್ತು ಓದಿ ಇಬ್ಬರೂ ರಾತ್ರಿ ಒಂದರ ತನಕ ಎದ್ದು ಕೂತಿದ್ದೆವು. ಮುಂದೆ ಕೌನ್ಸಿಲ್ ಇಡೀ ಕಟ್ಟಡದ ಕಿಟಕಿ ಬದಲಾಯಿಸಿದರೆ, ನಿಮ್ಮ ಕಿಟಕಿ ಮುಟ್ಟದಿದ್ದರೂ ಒಟ್ಟು ಖರ್ಚಿನಲ್ಲಿ ನಿಮ್ಮ ಪಾಲು ಕೊಡಬೇಕಾಗಬಹುದು ಎಂದಿತ್ತು. ಈಗ ನಮ್ಮ ಕಿಟಕಿಗೆ ದುಡ್ಡು, ನಾಳೆ ಬೇರೆಯವರ ಕಿಟಕಿಗೂ ದುಡ್ಡು.

ಇದು ಬೆದರಿಕೆಯಲ್ಲ, ಲೀಸಿನ ಲೆಕ್ಕವೇ ಹಾಗಿದೆ. ಕಟ್ಟಡದ ಖರ್ಚನ್ನು ಮನೆಮನೆಗೆ ಹಂಚುತ್ತಾರೆ, ಯಾರ ಮನೆಯಲ್ಲಿ ಎಷ್ಟು ಕೆಲಸ ನಡೆಯಿತು ಅಂತಲ್ಲ. ಕಿಟಕಿ, ಛಾವಣಿ, ಸ್ಕ್ಯಾಫೋಲ್ಡಿಂಗ್ ಎಲ್ಲ ಸೇರಿದರೆ ಒಂದೊಂದು ಮನೆಗೆ ಹತ್ತಾರು ಸಾವಿರ ಪೌಂಡ್ ಬಿಲ್ಲು ಬಂದದ್ದೂ ಇದೆ. ಕಾನೂನು ಒಂದು ಬೇಲಿ ಹಾಕಿದೆ. 1985ರ ಒಡೆಯ ಮತ್ತು ಬಾಡಿಗೆದಾರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಒಂದು ಕಾಮಗಾರಿಗೆ ಯಾವುದೇ ಲೀಸುದಾರರ ಪಾಲು 250 ಪೌಂಡ್ ಮೀರುವುದಾದರೆ ಮೊದಲು ನೋಟಿಸ್ ಕೊಟ್ಟು ಅಭಿಪ್ರಾಯ ಕೇಳಲೇಬೇಕು. ಸಾಮಾನ್ಯವಾಗಿ ಎರಡು ಸಲ, ಪ್ರತಿ ಸಲ 30 ದಿನ. ಕೇಳದೆ ಮಾಡಿದರೆ, ಟ್ರಿಬ್ಯೂನಲ್ (ನ್ಯಾಯಮಂಡಳಿ) ವಿನಾಯಿತಿ ಕೊಡದ ಹೊರತು, 250 ಪೌಂಡಿಗಿಂತ ಜಾಸ್ತಿ ವಸೂಲು ಮಾಡುವ ಹಾಗಿಲ್ಲ. ಖರ್ಚು ಅತಿಯಾಯಿತು ಅನಿಸಿದರೂ ಟ್ರಿಬ್ಯೂನಲ್‌ಗೆ ಹೋಗಬಹುದು. ದಯವಿಟ್ಟು ಆ ನೋಟಿಸ್ ಬಂದರೆ ಜಾಹೀರಾತು ಅಂದುಕೊಂಡು ಎಸೆಯಬೇಡಿ. ಮೇಲಿನ ಮನೆಯವರು ಹಿಂದೊಮ್ಮೆ ಮೆಟ್ಟಿಲ ದೀಪದ ಕೆಲಸದ ನೋಟಿಸನ್ನು ಹಾಗೇ ಎಸೆದು, ಬಿಲ್ ಬಂದಾಗ ಪರದಾಡಿದ್ದರು.

ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಅಂತ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಇದೆ, ಸಲಹೆಗೆ ಕಾಸು ತಗೊಳ್ಳೋದಿಲ್ಲ. ಅಲ್ಲಿಗೆ ಫೋನ್ ಮಾಡಿದೆ. ಸಹಿ ಹಾಕುವ ಮೊದಲೇ ಎಲ್ಲ ಬರವಣಿಗೆಯಲ್ಲಿ ಕೇಳಿ ಎಂದರು. ಎರಡು ಪ್ರಶ್ನೆ ಬರೆದು ಕೌನ್ಸಿಲ್‌ಗೆ ಕಳಿಸಿದೆ. ಈಗಿನ ಐದು ವರ್ಷದ ಯೋಜನೆಯಲ್ಲಿ ನಮ್ಮ ಕಟ್ಟಡದ ಕಿಟಕಿ ಇದೆಯೇ? ಮುಂದೆ ಬಂದರೆ ನಮ್ಮ ಹೊಸ ಕಿಟಕಿಯನ್ನು ಗಣನೆಗೆ ತೆಗೆದುಕೊಳ್ಳುತ್ತೀರಾ? ಏಳು ವಾರದ ಮೇಲೆ ಉತ್ತರ ಬಂತು. ಯೋಜನೆಯಲ್ಲಿ ಇಲ್ಲ. ಆಗಿನ ನಿಯಮದ ಪ್ರಕಾರ ಪರಿಗಣಿಸುತ್ತೇವೆ, ಭರವಸೆ ಕೊಡಲು ಆಗದು. ಪೂರ್ತಿ ನೆಮ್ಮದಿ ಕೊಡುವ ಉತ್ತರವಲ್ಲ. ನನ್ನ ಗಂಡ ಇನ್ನೆರಡು ವರ್ಷ ಕಾಯೋಣ ಎಂದರು. ನನಗೆ ಮಗಳ ಇನ್ನೆರಡು ಚಳಿಗಾಲ ಕಣ್ಮುಂದೆ ಬಂತು. ಸಹಿ ಹಾಕಿದೆವು.

ಪ್ಲಾನಿಂಗ್ ಇಲಾಖೆಯದು ಬೇರೆ ಕಥೆ. ಒಂಟಿ ಮನೆಗೆ ಇರುವ ಸಡಿಲಿಕೆ ಫ್ಲ್ಯಾಟಿಗೆ ಇಲ್ಲ, ಹೊರನೋಟ ಬದಲಾದರೆ ಅರ್ಜಿ ಹಾಕಬೇಕು. ನಮ್ಮದು ಅದೇ ಥರ ಕಾಣುತ್ತದೆ, ಅನುಮತಿ ಬೇಡ ಎಂದು ಪತ್ರ ಕೊಟ್ಟರು. ಆ ಪತ್ರವನ್ನೂ ಇಟ್ಟುಕೊಂಡಿದ್ದೇವೆ.

ಎಲ್ಲ ಮುಗಿಯಿತು ಅನ್ನುವಾಗ ಆಸ್ಬೆಸ್ಟಾಸ್ ಬಂತು. ಬಾಲ್ಕನಿ ಬಾಗಿಲ ಕೆಳಗಿನ ಹಲಗೆಯಿಂದ ಉಗುರಿನಷ್ಟು ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದರು. ಇದೆ ಅಂತ ಬಂತು. ನಮ್ಮೂರ ಕಡೆ ಎಷ್ಟು ಜನ ಶೀಟಿನ ಮನೆಯಲ್ಲಿ ಬದುಕಿಲ್ಲ, ನಮ್ಮಜ್ಜಿ ಮನೆಯ ಕೊಟ್ಟಿಗೆಗೂ ಅದೇ ಇತ್ತು. ಸುಮ್ನೆ ಇದ್ದರೆ ಅಷ್ಟು ಅಪಾಯ ಇಲ್ಲ. ಒಡೆದಾಗ, ಕೊರೆದಾಗ ಏಳುವ ಧೂಳಿನ ಎಳೆ ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕಾಯಿಲೆ ಬರುತ್ತದೆ. ಬ್ರಿಟನ್ನಿನಲ್ಲಿ 1999ರಲ್ಲೇ ಅದನ್ನು ಪೂರ್ತಿ ನಿಷೇಧಿಸಿದ್ದಾರೆ. ಹಲಗೆ ಕೌನ್ಸಿಲ್‌ನದಾದ್ದರಿಂದ ತೆಗೆಸುವ ಹೊಣೆ, ಖರ್ಚು ಅವರೇ ಹೊತ್ತರು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಅಂತಿಮ ಅನುಮತಿ ಕೈಗೆ ಬಂದಾಗ ಸೆಪ್ಟೆಂಬರ್ ಮುಗಿಯುತ್ತಿತ್ತು.

ಅಕ್ಟೋಬರಿನ ಒಂದು ಮಂಗಳವಾರ ಎಂಟು ಗಂಟೆಗೆ ವ್ಯಾನ್ ಬಂತು. ಇಬ್ಬರು ಕೆಲಸಗಾರರು. ಕೆಳಗೆ ಓಡಾಡುವ ದಾರಿಗೆ ಅಡ್ಡಗಟ್ಟೆ ಇಟ್ಟು, ಐದು ಕಿಟಕಿ ಮತ್ತು ಒಂದು ಬಾಗಿಲನ್ನು ಮೆಟ್ಟಿಲ ಮೇಲೆ ಹೊತ್ತು ತಂದು ಹಜಾರದ ಗೋಡೆಗೆ ಒರಗಿಸಿದರು. ನಾನು ಅನುಮತಿ ಪತ್ರ ಹಿಡಿದು ಒಂದೊಂದನ್ನೇ ನೋಡುತ್ತಾ ಬಂದೆ. ಪ್ರತಿ ಚೌಕಟ್ಟಿನ ತಲೆಯಲ್ಲಿ ಒಂದು ಉದ್ದನೆಯ ಸೀಳು, ಅದಕ್ಕೆ ಮುಚ್ಚಳ ಇರಬೇಕು. ಟ್ರಿಕಲ್ ವೆಂಟ್ ಅದು. ಕಿಟಕಿ ಮುಚ್ಚಿದ್ದರೂ ಅದರಿಂದ ಸ್ವಲ್ಪ ಗಾಳಿ ಆಡುತ್ತಾ ಇರುತ್ತದೆ. ಹಳೇ ಕಿಟಕಿಯ ಸಂದಿಗಳೆಲ್ಲ ಮುಚ್ಚಿಹೋದ ಮೇಲೆ ಒಳಗಿನ ತೇವಕ್ಕೆ ಅದೇ ದಾರಿ. 2022ರ ಜೂನ್‌ನಿಂದ ಬದಲಿ ಕಿಟಕಿಗೂ ಗಾಳಿಯ ವ್ಯವಸ್ಥೆ ಬೇಕೇ ಬೇಕು ಅಂತ ನಿಯಮ ಬಿಗಿಯಾಗಿದೆ. ಐದನೇ ಚೌಕಟ್ಟಿನ ಮೇಲೆ ಕೈಯಾಡಿಸಿದೆ. ನುಣುಪಾಗಿತ್ತು. ಸೀಳೇ ಇರಲಿಲ್ಲ. ಅದೇ ಮಗಳ ಕೋಣೆಯ ಕಿಟಕಿ.

"ಹಾಕಿಬಿಡೋಣ, ಆಮೇಲೆ ಕೊರೆದು ಕೊಡ್ತೀವಿ" ಎಂದರು. ನಾನು ಬೇಡ ಎಂದೆ. ಷರತ್ತಿನಲ್ಲಿ ಬರೆದಿರುವುದನ್ನು ತೋರಿಸಿದೆ. ಅವರ ಆಫೀಸಿಗೆ ಫೋನು ಹೋಯಿತು, ಅಳತೆ ಹಾಳೆಯಲ್ಲಿ ಗುರುತು ಹಾಕೋದು ಬಿಟ್ಟುಹೋಗಿದೆ ಅಂತ ಒಪ್ಪಿಕೊಂಡರು. ಬೇರೆ ಮಾಡಿ ತರಲು ಮೂರು ವಾರ. ಹಳೇ ಕಿಟಕಿ ಕಿತ್ತಮೇಲೆ ನೋಡಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಮೊದಲ ಸ್ಕ್ರೂ ಬಿಚ್ಚುವ ಮುಂಚೆಯೇ ಎಲ್ಲ ಚೌಕಟ್ಟನ್ನೂ ನೋಡಿಕೊಳ್ಳಿ.

ಉಳಿದ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದರು. ಮೊದಲು ಗಾಜು ತೆಗೆದರು. ಆಮೇಲೆ ಉಕ್ಕಿನ ಚೌಕಟ್ಟನ್ನು ಗರಗಸದಲ್ಲಿ ತುಂಡು ಮಾಡಿ, ಇಟ್ಟಿಗೆಯೊಳಗೆ ಕೂತ ಕಬ್ಬಿಣದ ಕಾಲುಗಳನ್ನು ಒಂದೊಂದಾಗಿ ಕಿತ್ತರು. ಹತ್ತು ನಿಮಿಷ ಗೋಡೆಯಲ್ಲಿ ಬರೀ ತೂತು. ಬೀದಿಯ ಸದ್ದೆಲ್ಲ ಮನೆಯೊಳಗೆ. ಹೊಸ ಚೌಕಟ್ಟನ್ನು ಕೂರಿಸಿ, ಸುತ್ತ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು, ರಸಮಟ್ಟ ಇಟ್ಟು ನೋಡಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆದರು. ಎರಡೂ ಕರ್ಣ ಸಮ ಬಂದ ಮೇಲೇ ಸ್ಕ್ರೂ ಬಿಗಿದರು. ಕಿಟಕಿ ಮುಚ್ಚಿದ ಕ್ಷಣ ಬಸ್ಸಿನ ಸದ್ದು ನಿಂತುಹೋಯಿತು. ಅಷ್ಟು ವರ್ಷ ಆ ಸದ್ದಿನಲ್ಲೇ ಇದ್ದೆವು ಅಂತ ಗೊತ್ತಾದದ್ದೇ ಆಗ.

ಮಗಳ ಕಿಟಕಿ ನವೆಂಬರ್ ಮಧ್ಯದಲ್ಲಿ ಬಂತು. ಒಟ್ಟು 7,900 ಪೌಂಡ್. ಅದರಲ್ಲಿ ಶೇ. 20 ವ್ಯಾಟ್ ಸೇರಿದೆ. ಸೋಲಾರ್, ಗೋಡೆಯ ಇನ್ಸುಲೇಷನ್ನಿಗೆ ಮನ್ನಾ ಮಾಡಿದ ಆ ತೆರಿಗೆಯನ್ನು ಕಿಟಕಿಗೆ ಯಾಕೆ ಬಿಟ್ಟಿಲ್ಲವೋ, ಬಿಡಬೇಕಿತ್ತು. ಫೆನ್ಸಾ ಪ್ರಮಾಣಪತ್ರ ಡಿಸೆಂಬರಿನಲ್ಲಿ ಬಂತು, ಅದರ ಪ್ರತಿ ಕಳಿಸಿದ ಮೇಲೆ ಕೌನ್ಸಿಲ್ ಸರ್ವೇಯರ್ ಬಂದು ನೋಡಿ ಕಡತ ಮುಚ್ಚಿದರು. ಆ ಚಳಿಗಾಲದಲ್ಲಿ ಬೆಳಿಗ್ಗೆ ಗಾಜು ಒರೆಸಲಿಲ್ಲ. ಬೂಷ್ಟು ಉಜ್ಜಿ, ಬಣ್ಣ ಬಳಿದ ಗೋಡೆ ಹಾಗೇ ಇದೆ. ಮಗಳಿಗೆ ಜನವರಿಯಲ್ಲಿ ಎರಡು ವಾರ ಕೆಮ್ಮು ಬಂತು, ಹೋಯಿತು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಕೌನ್ಸಿಲ್ ಬಾಡಿಗೆದಾರರು, ನಲವತ್ತು ವರ್ಷದಿಂದ ಅದೇ ಮನೆ. ಕಳೆದ ವರ್ಷ ನಮ್ಮ ಕಿಟಕಿಯನ್ನು ಕೈಯಿಂದ ಮುಟ್ಟಿ ನೋಡಿ, "ನನ್ನದು ಯಾವಾಗ ಮಾಡ್ತಾರೋ" ಎಂದಿದ್ದರು. ಅವರ ಮಲಗುವ ಕೋಣೆಯ ಗೋಡೆ ನಮ್ಮ ಮಗಳ ಕೋಣೆಯದಕ್ಕಿಂತ ಕಪ್ಪಗಿದೆ. 2020ರಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದಲೇ ತೀರಿಕೊಂಡಿತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿದೆ. ತೇವ, ಬೂಷ್ಟಿನಿಂದ ಆರೋಗ್ಯಕ್ಕೆ ದೊಡ್ಡ ಅಪಾಯ ಇದೆ ಅಂತ ಬಾಡಿಗೆದಾರರು ತಿಳಿಸಿದರೆ ಕೌನ್ಸಿಲ್ಲಿನಂಥ ಮನೆ ಒಡೆಯರು ಹತ್ತು ಕೆಲಸದ ದಿನದೊಳಗೆ ಬಂದು ಪರೀಕ್ಷಿಸಬೇಕು. ನಮ್ಮಂಥ ಲೀಸುದಾರರಿಗೆ ಅದು ಸಿಗದು, ಅಜ್ಜಿಗೆ ಸಿಗುತ್ತದೆ.

ನವೆಂಬರಿನಲ್ಲಿ ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಪತ್ರ ಬರೆದುಕೊಟ್ಟೆ. ಗೋಡೆಯ ಫೋಟೋ, ಕಿಟಕಿ ಕೆಳಗೆ ನಿಂತ ನೀರಿನ ಫೋಟೋ, ಅವರ ಆಸ್ತಮಾ ಔಷಧಿ ಚೀಟಿಯ ಪ್ರತಿ, ಎಲ್ಲ ಸೇರಿಸಿದೆವು. ಒಂಬತ್ತನೇ ದಿನ ಸರ್ವೇಯರ್ ಬಂದರು. ಗೋಡೆಯ ತೇವ ಅಳೆದು, ಎರಡೂ ಕಿಟಕಿಯ ಅಗಲ ಎತ್ತರ ಬರೆದುಕೊಂಡು ಹೋದರು. ಬರವಣಿಗೆಯ ವರದಿ ಈ ವಾರ ಬರಬೇಕು.